ಮೂರನೆಯ ದನಿ

ಸಂಗ್ರಹಾಲಯದ ಹೆಡ್‌ಫೋನನ್ನು ಕಿವಿಗೇರಿಸಿ ಅರೆನಿಮಿಷವೂ ಆಗಿರಲಿಲ್ಲ, ದೊಡ್ಡಮ್ಮನ ಮುಖ ಕೆಂಡವಾಯಿತು. ಹಾಡೆಲ್ಲಿ ಬಂತು, ಬರೀ ಢಂ ಢಂ. ಪಕ್ಕದಲ್ಲಿದ್ದ ತಂಗಿಯ ಮಗಳ ಕೈಗೆ ಅದನ್ನು ತುರುಕಿ, ನೀನೇ ಕೇಳು ಈ ಅನ್ಯಾಯವನ್ನು ಎಂದಳು.

ಹರೆಯದಲ್ಲಿ ದೊಡ್ಡಮ್ಮ ವಿಡಿಯೋ ಗೇಮ್ ಕಂಪನಿಯೊಂದಕ್ಕೆ ಸಂಗೀತ ಬರೆಯುತ್ತಿದ್ದಳು. ಆ ಕಾಲದ ಗೇಮ್ ಪೆಟ್ಟಿಗೆಯಲ್ಲಿ ಸದ್ದು ಹೊರಡಿಸುವ ಚಿಪ್‌ಗೆ ಏಕಕಾಲಕ್ಕೆ ನುಡಿಸಲು ಇದ್ದದ್ದು ಮೂರೇ ದನಿ. ಅವಳು ಹಾಡಿನ ಜೀವವನ್ನೆಲ್ಲ ಮೂರನೆಯದರಲ್ಲಿ ಇಟ್ಟಿದ್ದಳು. ಮೇಲಿನವರು ಒಂದು ಮಾತೂ ಕೇಳದೆ ಅದೇ ದನಿಯನ್ನು ಗುಂಡಿನ ಸದ್ದಿಗೆ ಕೊಟ್ಟುಬಿಟ್ಟರು. ಆಡುವವನು ಗುಂಡು ಹಾರಿಸಿದಾಗಲೆಲ್ಲ ಅವಳ ರಾಗದ ಕತ್ತು ಹಿಸುಕಿದಂತೆ. ಹೋಗಲಿ, ಆಟದ ಕೊನೆಯಲ್ಲಿ ಅವಳ ಹೆಸರನ್ನಾದರೂ ಹಾಕಿದರೇ? ಅದೂ ಇಲ್ಲ.

ಈಚೆಗೆ ತಂಗಿಯ ಮಗಳು ಆ ಆಟ ತುಂಬಿದ್ದ ಹಳೆಯ ಕಾರ್ಟ್ರಿಜ್ಜಿನಿಂದ ಸಂಗೀತವನ್ನಷ್ಟೇ ಬಿಡಿಸಿ ಒಂದು ಫೈಲ್ ಮಾಡಿದಳು. ಅದರಲ್ಲಿ ರೆಕಾರ್ಡಿಂಗ್ ಇರಲಿಲ್ಲ. ಯಾವ ದನಿ ಯಾವ ಸ್ವರ ನುಡಿಸಬೇಕೆಂದು ಚಿಪ್‌ಗೆ ಕೊಟ್ಟ ಅಪ್ಪಣೆಗಳಷ್ಟೇ ಇದ್ದವು. ಗುಂಡಿನ ಕಾಟವಿಲ್ಲದೆ ಮೂರನೆಯ ದನಿ ಮೊದಲಿಂದ ಕೊನೆಯವರೆಗೆ ಹಾಡಿದಾಗ ದೊಡ್ಡಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗಳಗಳ ಅತ್ತಿದ್ದಳು. ಸಂಗ್ರಹಾಲಯದವರು ಮನೆಗೇ ಬಂದು, ಈ ಫೈಲನ್ನೇ ನಿಮ್ಮ ಹೆಸರಿನ ಸಮೇತ ಕೇಳಿಸುತ್ತೇವೆಂದು ಹಲ್ಲುಗಿಂಜಿ ಪಡೆದುಕೊಂಡು ಹೋಗಿದ್ದರು.

ಹೆಸರೇನೋ ಇತ್ತು, ಹಿತ್ತಾಳೆಯ ಫಲಕದಲ್ಲಿ ಫಳಫಳ ಹೊಳೆಯುತ್ತಿತ್ತು. ಫೈಲ್ ಮಾತ್ರ ಇರಲಿಲ್ಲ. ಅದಕ್ಕೆ ಬೇರೆ ಪ್ಲೇಯರ್ ಬೇಕಾಗುತ್ತಿತ್ತಂತೆ. ಅದಕ್ಕೇ ಯಾರ ಕೈಲೋ ಆಟ ಆಡಿಸಿ, ಸದ್ದನ್ನೆಲ್ಲ ಎಂಪಿಥ್ರೀ ಮಾಡಿಕೊಂಡೆವೆಂದು ಮುಖ್ಯಸ್ಥ ಉಪಕಾರ ಮಾಡಿದವನಂತೆ ವಿವರಿಸಿದ.

"ಜನಕ್ಕೆ ನೆನಪಿರೋದು ಇದೇ ಅಲ್ವಾ ಮೇಡಂ."

ಒಂದು ಪ್ಲೇಯರ್ ಹಾಕಿಕೊಳ್ಳಲು ನಿಮಗೇನು ಧಾಡಿ, ಈಗಲೇ ನಾನು ಹಾಕಿಕೊಡುತ್ತೇನೆ ಎಂದು ಹುಡುಗಿ ಹರಿಹಾಯ್ದಳು. ಉದ್ಘಾಟನೆಗೆ ಅತಿಥಿಗಳು ಬರುವ ಹೊತ್ತಾಯಿತೆಂದು ಆತ ಗಡಿಯಾರ ನೋಡಿದ.

ದೊಡ್ಡಮ್ಮನಿಗೆ ನಖಶಿಖಾಂತ ಉರಿಯಿತು.

"ಆಗ ನನ್ನ ಹಾಡಿತ್ತು, ಹೆಸರಿರಲಿಲ್ಲ. ಈಗ ಗುಂಡಿನ ಸದ್ದಿಗೆ ನನ್ನ ಹೆಸರು ಬರೆಸಿದ್ದೀರಿ. ಆ ಫೈಲ್ ಹಾಕಿ, ಇಲ್ಲಾಂದ್ರೆ ಫಲಕ ಕೀಳಿಸಿ."

ಇಷ್ಟಾದ ಮೇಲಾದರೂ ಆತ ಫೈಲನ್ನೇ ಹಾಕೋಣ ಅಂದಾನು ಎಂಬ ಆಸೆ ಅವಳಿಗೆ ಇದ್ದೇ ಇತ್ತು. ಆತ ಒಂದು ಗಳಿಗೆಯೂ ಯೋಚಿಸಲಿಲ್ಲ. ಪೀಡೆ ತೊಲಗಿದರೆ ಸಾಕೆಂಬಂತೆ ಸ್ಕ್ರೂಡ್ರೈವರ್ ತರಿಸಿ, ಫಲಕ ಬಿಚ್ಚಿ ಅವಳ ಕೈಗಿತ್ತ. ಹೆಡ್‌ಫೋನನ್ನು ಒರೆಸಿ ಮತ್ತೆ ಕೊಕ್ಕೆಗೆ ನೇತುಹಾಕಿದ. ಅದರೊಳಗೆ ಗುಂಡು ಹಾರುತ್ತಲೇ ಇತ್ತು.