ಮೂರನೆಯ ಕೊಟೇಶನ್

ಗರ್ಭಕೋಶವನ್ನೇ ತೆಗೆಸಿದರೆ ತೊಂಬತ್ತು ಸಾವಿರ. ಅದನ್ನು ಉಳಿಸಿಕೊಂಡು ಗಡ್ಡೆಗಳನ್ನಷ್ಟೇ ತೆಗೆಸಿದರೆ ಒಂದು ಲಕ್ಷ ಮೂವತ್ತು. ಹೊಟ್ಟೆ ಕುಯ್ಯದೆ, ಗಡ್ಡೆಗೆ ರಕ್ತ ಹೋಗುವ ನಾಳ ಮುಚ್ಚಿ ಸೊರಗಿಸಿದರೆ ಎರಡು ಲಕ್ಷ ಹತ್ತು. ಸರ್ಕಾರಿ ಆರೋಗ್ಯ ಕಾರ್ಡಿನಿಂದ ಬರುವುದು ಬಂದಾಗ ಬಂತು ಎಂದು ಅಶ್ವತ್ಥನಾರಾಯಣ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಯ ಸಾಲಿನಲ್ಲಿ 'ಏನೂ ಮಾಡದಿದ್ದರೆ' ಎಂದು ಬರೆದು ಸೊನ್ನೆ ಹಾಕಿದ. ಹೆಂಡತಿ ವೈಜಯಂತಿ ಸೊನ್ನೆ ಹೊಡೆದುಹಾಕಿ, 'ಪ್ಯಾಡು, ಕಬ್ಬಿಣದ ಮಾತ್ರೆ, ಆಟೋ' ಎಂದು ತಿದ್ದಿದಳು.

ಅವನು ದಿಲ್ಲಿಯಲ್ಲಿ ಕೇಂದ್ರ ಸಚಿವಾಲಯವೊಂದರ ಖರೀದಿ ವಿಭಾಗದಲ್ಲಿದ್ದ. ಅಲ್ಲಿ ಮೂರು ಕೊಟೇಶನ್ ಇಲ್ಲದೆ ಕುರ್ಚಿಯೂ ಒಳಗೆ ಬರುವುದಿಲ್ಲ. ಮೂರರಲ್ಲಿ ಕಡಿಮೆ ಹೇಳಿದವನೇ ಎಲ್-ಒನ್, ಕೆಲಸ ಅವನಿಗೇ. ವಸಂತ್ ಕುಂಜ್‌ನ ಅವರ ಫ್ಲ್ಯಾಟಿನ ಗೀಸರು, ಪರದೆ, ಮಗಳ ಟ್ಯೂಷನ್ ಎಲ್ಲ ಹಾಗೇ ಬಂದವು. ಮದುವೆಗೂ ಮೂರು ಹುಡುಗಿಯರನ್ನು ನೋಡಿದ್ದ.

"ಗರ್ಭಕೋಶ ತೆಗೆಸೋದೇ ಎಲ್-ಒನ್, ವೈಜೂ," ಎಂದ. "ಒಂದೇ ಸಲ ಮುಗಿದುಹೋಗತ್ತೆ. ಆಮೇಲೆ ಮೇಂಟೆನೆನ್ಸ್ ಇಲ್ಲ."

"ಪಪ್ಪಾ, ಮಮ್ಮಾ ಏಸಿ ಥೋಡೀ ಹೈ, ಮೇಂಟೆನೆನ್ಸ್ ಅನ್ನೋಕೆ," ಎಂದಳು ಕಾಲೇಜಿಗೆ ಹೋಗುವ ಮಗಳು ಮಯೂರಿ.

"ಏಸಿ ಆಗಿದ್ರೆ ವಾರಂಟಿನಾದ್ರೂ ಇರ್ತಿತ್ತು," ಎಂದಳು ವೈಜಯಂತಿ.

ಅವಳಿಗೆ ನಲವತ್ತನಾಲ್ಕು. ಗಡ್ಡೆ ಮೂರು, ದೊಡ್ಡದು ಏಳು ಸೆಂಟಿಮೀಟರ್. ಕ್ಯಾನ್ಸರಿನ ಲಕ್ಷಣ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಮಾತ್ರೆ ನುಂಗಿಯಾಗಿತ್ತು, ಉಪಯೋಗವಾಗಿರಲಿಲ್ಲ. ಎರಡು ವರ್ಷದಿಂದ ಮುಟ್ಟು ವಿಪರೀತವಾಗಿ ಅವಳು ಕಪ್ಪು, ಕಡುನೀಲಿ ಬಟ್ಟೆ ಬಿಟ್ಟು ಬೇರೆ ಉಟ್ಟಿರಲಿಲ್ಲ. ಯಾರ ಮನೆಗೆ ಹೋದರೂ ಸೋಫಾ ಬಿಟ್ಟು ಪ್ಲಾಸ್ಟಿಕ್ ಕುರ್ಚಿ ಕೇಳುತ್ತಿದ್ದಳು. ಸರಳ ಹೆಂಗಸು ಎಂದು ಕನ್ನಡದವರ ನಡುವೆ ಒಳ್ಳೆಯ ಹೆಸರು ಬಂದಿತ್ತು.

ಮೂರೂ ಚಿಕಿತ್ಸೆಗೆ ಎರಡು ಆಸ್ಪತ್ರೆಗಳು ದರ ಕೊಟ್ಟಿದ್ದವು. ಗುರುಗ್ರಾಮದ ಮೂರನೆಯದು ಕೊಟ್ಟಿರಲಿಲ್ಲ.

"ಎರಡರಲ್ಲೇ ನೋಡಿ ಅಂದ್ರೆ?" ಎಂದಳು ವೈಜಯಂತಿ.

"ಮೂರು ಬರದೆ ಟೆಂಡರ್ ತೆರೆಯಕ್ಕಾಗಲ್ಲ. ರಿಮೈಂಡರ್ ಹಾಕಿದೀನಿ."

ಒಂದು ತಿಂಗಳು ರಿಮೈಂಡರಿನಲ್ಲಿ ಹೋಯಿತು. ಆ ತಿಂಗಳ ಮುಟ್ಟು ನಿಲ್ಲಲೇ ಇಲ್ಲ. ಮುನಿರ್ಕಾ ಮೆಟ್ರೋ ನಿಲ್ದಾಣದ ಮೆಟ್ಟಿಲ ಮೇಲೆ ವೈಜಯಂತಿ ಸುಮ್ಮನೆ ಕುಳಿತಳು, ಮತ್ತೆ ಏಳಲಾಗಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ಹಿಮೋಗ್ಲೋಬಿನ್ ಆರು ಇತ್ತು. ಎರಡು ಬಾಟಲಿ ರಕ್ತ ಹಾಕಿದರು. ಅದಕ್ಕೆ ಅಶ್ವತ್ಥನಾರಾಯಣ ಕೊಟೇಶನ್ ಕೇಳಲಿಲ್ಲ. ಕೌಂಟರಿನಲ್ಲಿ ಹೇಳಿದಷ್ಟು ಕಟ್ಟಿದ.

ಮರುದಿನ ಡಾಕ್ಟರಮ್ಮ ಬಂದಾಗ ಅವನು ತನ್ನ ಹಾಳೆ ತೆಗೆದ. ಆಕೆ ಅದನ್ನು ಪೂರ್ತಿ ಓದಿದರು. "ಅಚ್ಛಾ ಬನಾಯಾ ಹೈ," ಎಂದು ಮೆಚ್ಚಿ, ಮಡಿಸಿ ವಾಪಸು ಕೊಟ್ಟು, ವೈಜಯಂತಿಯ ಕಡೆ ತಿರುಗಿದರು. "ಆಪ್ ಕ್ಯಾ ಚಾಹತೀ ಹೈಂ?"

ದಿಲ್ಲಿಗೆ ಬಂದ ಮೇಲೆ ನಿಮಗೇನು ಬೇಕು ಎಂಬ ಆ ಪ್ರಶ್ನೆಯನ್ನು ಅವಳಿಗೆ ತರಕಾರಿಯವನು ಮಾತ್ರ ಕೇಳಿದ್ದ. ಅವಳು ತರಕಾರಿಗೆ ಹೇಳುವಂತೆಯೇ ಹೇಳಿದಳು. ರಕ್ತ ನಿಲ್ಲಬೇಕು. ಹೊಟ್ಟೆ ಕುಯ್ಯಬಾರದು, ಮಯೂರಿ ಹುಟ್ಟಿದಾಗ ಕುಯ್ದದ್ದು ಕೀವಾಗಿ ಎರಡು ತಿಂಗಳು ಮಲಗಿದ್ದೆ. ಕೆಟ್ಟದ್ದೇನೂ ಇಲ್ಲ ಅಂದಮೇಲೆ ಗರ್ಭಕೋಶ ತೆಗೆಯುವುದು ಬೇಡ.

ಈಗ ಗಡ್ಡೆಗಳನ್ನು ದುರ್ಬೀನಿನಲ್ಲೂ ತೆಗೆಯಬಹುದು, ದೊಡ್ಡ ಗಾಯ ಇರುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾಳ ಮುಚ್ಚಿದರೆ ಮೊದಲ ದಿನಗಳಲ್ಲಿ ನೋವು ಜೋರು, ಗಡ್ಡೆ ಸಣ್ಣದಾಗುತ್ತದೆ, ಮಾಯವಾಗುವುದಿಲ್ಲ, ಕೆಲವರಿಗೆ ಮುಂದೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ ಎಂದೂ ಹೇಳಿದರು. ಮುಟ್ಟು ನಿಲ್ಲುವ ವಯಸ್ಸು ದೂರವಿಲ್ಲ, ಅಲ್ಲಿಯವರೆಗೆ ಸಾಗಿದರೆ ಸಾಕಾಗಬಹುದು ಎಂದರು.

"ನಾಳ ಮುಚ್ಚಿ," ಎಂದಳು ವೈಜಯಂತಿ.

ಡಾಕ್ಟರು ಹೋದ ಮೇಲೆ ಅಶ್ವತ್ಥನಾರಾಯಣ ಮೆಲ್ಲಗೆ, "ಅದು ಎಲ್-ತ್ರೀ," ಎಂದ.

"ರೀ, ನೀವು ನೋಡಿದ ಮೂವರು ಹುಡುಗೀರಲ್ಲಿ ನಾನು ಎಲ್-ಒನ್ನಾ?"

"ಅಲ್ಲ. ನಿಮ್ಮಪ್ಪ ಮದುವೆ ಖರ್ಚು ಅರ್ಧರ್ಧ ಅಂದಿದ್ರು."

"ಮತ್ತೆ?"

"ಕಾರಣ ಬರೆದು ಎಲ್-ಒನ್ ಬಿಡಬಹುದು. ನಿಯಮದಲ್ಲಿದೆ."

"ಏನು ಕಾರಣ ಬರೆದಿದ್ರಿ?"

ಅವನು ಡ್ರಿಪ್ಪಿನ ಬಾಟಲಿ ನೋಡಿದ. "ಬರೆದಿರಲಿಲ್ಲ."

"ಈಗ ಬರೀರಿ."

ಹಾಳೆಯ ಕೆಳಗೆ ಅವನು ಬರೆದ: 'ಬಳಕೆದಾರರ ಅಭಿಪ್ರಾಯದ ಮೇರೆಗೆ.' ಸಹಿ ಹಾಕಿ, ತಾರೀಖೂ ಹಾಕಿದ.

ಹತ್ತು ವರ್ಷ ತುಂಬಿ, ದಿಲ್ಲಿಯ ನಿಯಮದಂತೆ ಇನ್ನು ಓಡಿಸುವಂತಿಲ್ಲದ ಡೀಸೆಲ್ ಕಾರನ್ನು ಮಾರಿ, ಹೊಸದಕ್ಕೆಂದು ಕೂಡಿಟ್ಟಿದ್ದ ದುಡ್ಡನ್ನು ಆಸ್ಪತ್ರೆಗೆ ಕಟ್ಟಿದರು. ನಾಳ ಮುಚ್ಚಿದ ಮೊದಲ ಮೂರು ದಿನ ನೋವಿಗೆ ಅವಳು ಅವನ ಕೈ ಹಿಡಿದುಕೊಂಡಿದ್ದಳು. ಅವನ ಉಂಗುರದ ಬೆರಳು ಊದಿತ್ತು. ಗುರುಗ್ರಾಮದ ಕೊಟೇಶನ್ ಅವಳು ಮನೆಗೆ ಬಂದ ಮೇಲೆ ಬಂತು, ಎಲ್ಲಕ್ಕಿಂತ ದುಬಾರಿಯಾಗಿತ್ತು.

ಆರು ತಿಂಗಳಾದ ಮೇಲೆ ಹಿಮೋಗ್ಲೋಬಿನ್ ಹನ್ನೊಂದೂವರೆ. ದೊಡ್ಡ ಗಡ್ಡೆ ನಾಲ್ಕೂವರೆ ಸೆಂಟಿಮೀಟರಿಗೆ ಇಳಿದಿದೆ. ಗರ್ಭಕೋಶ ಇದೆ. ಕಾರು ಇಲ್ಲ. ಹೋದ ಭಾನುವಾರ ಅವಳು ಕೆನೆಬಣ್ಣದ ಸೀರೆ ಉಟ್ಟು, ಪರರ ಮನೆಯ ಸೋಫಾದ ಮೇಲೆ ಕುಳಿತಳು.