ಸುತ್ತಿಗೊಂದು ಚೀಲ

ಫ್ಲೆಕ್ಸಿನಲ್ಲಿ ತನ್ನ ಮುಖದ ಎರಡೂ ಬದಿಗೆ ದೀಪ ಉರಿಯುತ್ತಿರುವುದನ್ನು ಕಂಡು ಧಮ್ಮಶೀಲಾಳಿಗೆ ಮೊದಲು ನಗು ಬಂತು. ಆಮೇಲೆ ಬಂದದ್ದು ಸಿಟ್ಟು. ಬಂದ ಸಿಟ್ಟು ಸಂಜೆಯವರೆಗೂ ಹೋಗಲಿಲ್ಲ.

ತಾಂಡೂರಿನ ಹೊರಗೆ, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟುಹೋದ ಗಣಿಯ ಬಾಯಲ್ಲಿ ಎರಡು ಬೊಂಬು ನೆಟ್ಟು ಆ ಫ್ಲೆಕ್ಸ್ ಕಟ್ಟಿದ್ದರು. ಮೇಲೆ ತೆಲುಗಿನಲ್ಲಿ ಜೈ ತೆಲಂಗಾಣ, ನಡುವೆ ಅವಳ ಫೋಟೋ, ಕೆಳಗೆ ಬೇಳೆ ಮಿಲ್ಲಿನ ಕಲ್ಯಾಣಪ್ಪ ಸಾವುಕಾರರು ಕೈಮುಗಿದು ನಿಂತದ್ದು. ಅವರ ಫೋಟೋ ಅವಳದಕ್ಕಿಂತ ದೊಡ್ಡದಿತ್ತು. ಫ್ಲೆಕ್ಸ್ ಅಂಗಡಿಯವನನ್ನು ಬೈದು ಉಪಯೋಗವಿಲ್ಲ. ಪ್ರತ್ಯೇಕ ತೆಲಂಗಾಣಕ್ಕಾಗಿ ಹೋರಾಟ ನಡೆದ ಆ ಎರಡು ವರ್ಷ ಅವನಲ್ಲಿ ಸತ್ತ ಹುಡುಗರ ಶ್ರದ್ಧಾಂಜಲಿಯೇ ಹೆಚ್ಚು ಅಚ್ಚಾಗಿತ್ತು. ದೀಪ, ಹೂವಿನ ಚೌಕಟ್ಟು ಎಲ್ಲ ಕಂಪ್ಯೂಟರಿನಲ್ಲಿ ತಯಾರಾಗಿಯೇ ಇದ್ದವು. ಹುಡುಗಿಗೆ ಕ್ಯಾನ್ಸರ್ ಎಂದು ಯಾರೋ ಹೇಳಿದ್ದರು. ಅವನು ತಯಾರಿದ್ದ ಚೌಕಟ್ಟಿನಲ್ಲಿ ಅವಳನ್ನು ಕೂಡಿಸಿದ್ದ.

ಸುದ್ದಿ ಮೊದಲು ಹೊರಬಿದ್ದದ್ದು ಅವಳ ಸೋದರಮಾವನ ಮಗ ಜೈಪಾಲನ ಬಾಯಿಂದ. ಈ ಬೈಕ್ ರೇಸಿನ ಓಡಾಟವೆಲ್ಲ ಅವನದೇ. ಕೊರಳಿಗೆ ಸೀಟಿ, ಕೈಯಲ್ಲಿ ಸುಣ್ಣದ ಬಕೆಟ್ಟು ಹಿಡಿದು ಗಣಿಯ ತಳದಲ್ಲಿ ಗೆರೆ ಎಳೆಯುತ್ತಿದ್ದವನು ಅವಳನ್ನು ಕಂಡು ನೆಟ್ಟಗಾದ.

"ಯಾರಿಗ್ಯಾರಿಗಿ ಹೇಳಿದಿ?" ಎಂದಳು.

"ಸಾವ್ಕಾರ್ರಿಗಷ್ಟೇ ಹೇಳೀನಿ ಅಕ್ಕಾ."

ಕಲ್ಯಾಣಪ್ಪನಿಗೆ ಹೇಳುವುದೂ ಒಂದೇ, ಊರಿಗೆಲ್ಲ ಡಂಗುರ ಹೊಡೆಸುವುದೂ ಒಂದೇ. ಜೈಪಾಲ ತನ್ನ ತಪ್ಪನ್ನು ಒಪ್ಪಲೂ ಇಲ್ಲ. ನೀನು ಗಾಡಿ ಹೊಡೆಯುವುದು ಬೇಡ, ವೇದಿಕೆಯ ಮೇಲೆ ಕೂತರೆ ಸಾಕು, ನಿನ್ನ ಗಾಡಿ ನಾನೇ ಹೊಡೆಯುತ್ತೇನೆ ಎಂದು ಮೆಲ್ಲಗೆ ಸಮಜಾಯಿಸತೊಡಗಿದ. ಕೊನೆಗೆ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು. "ನೀ ಆರಾಮ ಇದ್ದಾಗ ಮಂದಿ ಸೇರು ತೊಗರಿ ಕೊಡ್ತಿದ್ರು. ಈಗ ಚೀಲ ಕೊಡ್ಲತ್ಯಾರ ಅಕ್ಕಾ. ನೀನೇ ನೋಡು."

ಅವನ ಮಾತು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಅವಳ ಸಿಟ್ಟು ಇನ್ನೂ ಹೆಚ್ಚಿತು.

ಧಮ್ಮಶೀಲಾ ಜಹೀರಾಬಾದಿನ ಬಸ್ ಡಿಪೋದ ಮೆಕ್ಯಾನಿಕ್ ಪೋಚಪ್ಪನ ಮಗಳು. ಬೇರೆ ಹುಡುಗಿಯರು ಕುಂಟಾಬಿಲ್ಲೆ ಆಡುವ ವಯಸ್ಸಿನಲ್ಲಿ ಅವಳು ಅಪ್ಪನಿಗೆ ನಟ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತಿದ್ದಳು. ಇಪ್ಪತ್ತು ತುಂಬಿದಾಗ ಬೀದರಿನ ಮಣ್ಣುಹಾದಿಯ ಬೈಕ್ ರೇಸಿಗೆ ಹೆಸರು ಕೊಟ್ಟಿದ್ದಳು. ರೇಸಿಗೆ ಒಂದು ವಾರವಿರುವಾಗ ಕೊರಳ ಬುಡದಲ್ಲಿ ಗಡ್ಡೆ ಸಿಕ್ಕಿತು. ರೇಸು ಅಲ್ಲಿಗೇ ನಿಂತಿತು. ಹೈದರಾಬಾದಿನ ಆಸ್ಪತ್ರೆ, ಉದುರಿದ ಕೂದಲು, ಮತ್ತೆ ಬಂದ ಕೂದಲು ಎಂದು ಎಂಟು ವರ್ಷ ಕಳೆದವು. ಈಗ ಅವಳದೇ ಒಂದು ಟೂವ್ಹೀಲರ್ ಶೆಡ್ಡು, ಅಪ್ಪನೂ ಅವಳೂ ಸೇರಿ ಬಿಚ್ಚಿ ಕಟ್ಟಿದ ಒಂದು ಹಳೆ ಯಮಹಾ. ಒಂದು ಸಲ, ಒಂದೇ ಸಲ, ಗೆರೆಯ ಮೇಲೆ ಹತ್ತು ಗಾಡಿಗಳ ನಡುವೆ ತನ್ನ ಗಾಡಿ ನಿಲ್ಲಿಸಬೇಕು ಎನ್ನುವುದೊಂದು ಹಟ.

ತೆಲಂಗಾಣಕ್ಕಾಗಿ ನಡೆದ ಹೋದ ವರ್ಷದ ಮುಷ್ಕರದಲ್ಲಿ ಬಸ್ಸುಗಳೆಲ್ಲ ನಿಂತಾಗ ಪೋಚಪ್ಪನೂ ಡಿಪೋ ಗೇಟಿನ ಟೆಂಟಿನಲ್ಲಿ ಕೂತಿದ್ದ. ನ್ಯಾಲ್ಕಲ್ ಕಡೆಯ ಹಳ್ಳಿಗಳಲ್ಲಿ ಇದೇ ರೋಗದವರು ಹೈದರಾಬಾದಿಗೆ ಹೋಗಲಾರದೆ ಒದ್ದಾಡಿದರು. ಧಮ್ಮಶೀಲಾ ಒಬ್ಬೊಬ್ಬರನ್ನಾಗಿ ಬೈಕಿನ ಹಿಂದೆ ಕೂಡಿಸಿಕೊಂಡು ಹೋದಳು. ರಸ್ತೆಗೆ ಕಲ್ಲು ಅಡ್ಡ ಇಟ್ಟವರ ಎದುರು ಜೈ ತೆಲಂಗಾಣ ಎಂದು ಕೂಗಿದರೆ ದಾರಿ ಬಿಡುತ್ತಿದ್ದರು. ಆಸ್ಪತ್ರೆಯ ಹೊರಗೆ, ಫುಟ್‌ಪಾತಿನ ಮೇಲೆ, ರೋಗಿಗಳ ಜೊತೆ ಬಂದವರು ಮೂರು ಕಲ್ಲು ಹೂಡಿ ಬರೀ ಖಾರದ ನೀರು ಕುದಿಸಿ ಅನ್ನಕ್ಕೆ ಹಾಕಿಕೊಳ್ಳುವುದನ್ನು ಅವಳು ನೋಡಿದಳು. ಎಂಟು ವರ್ಷದ ಹಿಂದೆ ಅವಳ ಅವ್ವ ಅಂಜಮ್ಮನೂ ಅಲ್ಲೇ ಕೂತು ಅದನ್ನೇ ಕುದಿಸಿದ್ದಳು. ಒಳಗೆ ಮಂಚದ ಮೇಲೆ ಮಲಗಿದ್ದ ಮಗಳಿಗೆ ಅದು ಗೊತ್ತೇ ಇರಲಿಲ್ಲ.

ತೊಗರಿಯ ಸೀಮೆಯಿಂದ ಹೋದವರು ಬೇಳೆಯಿಲ್ಲದೆ ಉಣ್ಣುವುದೆಂದರೇನು? ಅಲ್ಲಿಂದ ಹುಟ್ಟಿದ್ದು ಈ ರೇಸು. ಧಮ್ಮಶೀಲಾ ಹೊಡೆಯುವ ಒಂದೊಂದು ಸುತ್ತಿಗೆ ಒಬ್ಬೊಬ್ಬರು ಇಷ್ಟಿಷ್ಟು ತೊಗರಿ ಕೊಡುವುದು, ಬಂದದ್ದನ್ನೆಲ್ಲ ಬೇಳೆ ಮಾಡಿಸಿ ಆ ಫುಟ್‌ಪಾತಿಗೆ ಮುಟ್ಟಿಸುವುದು. ನಾರಾಯಣಖೇಡದಿಂದ ಧಾರೂರಿನವರೆಗೆ ಅವಳೂ ಜೈಪಾಲನೂ ಹಳ್ಳಿ ಹಳ್ಳಿ ಅಲೆದರು. ಸುತ್ತಿಗೆ ಒಂದು ಸೇರು ಎಂದವರಿದ್ದರು, ಒಂದು ಬೊಗಸೆ ಎಂದವರಿದ್ದರು. ಹನಿ ಹನಿ ಗೂಡಿದರೆ ಹಳ್ಳ ಎಂದು ಅವಳು ಎಲ್ಲರಿಗೂ ಕೈಮುಗಿದಳು.

ಹೀಗೆ ಅಲೆಯುತ್ತಿದ್ದಾಗಲೇ ಒಂದು ಬೆಳಿಗ್ಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗ ಕೊರಳ ಬುಡದಲ್ಲಿ ಏನೋ ತಡೆಯಿತು. ಎಂಟು ವರ್ಷದ ಹಿಂದಿನ ಜಾಗವೇ. ಅವಳು ಅತ್ತದ್ದಿಲ್ಲ. ಶೆಡ್ಡಿನ ಬಾಗಿಲಿಗೆ ಹೆಲ್ಮೆಟ್ ಎಸೆದಳು, ಅಷ್ಟೇ. ಡಾಕ್ಟರು ರೇಸಿನ ಮರುದಿನ, ಸೋಮವಾರ, ಬಂದು ದಾಖಲಾಗಲು ಹೇಳಿದ್ದರು. ಮದ್ದು ಹರಿಸಲು ಎದೆಯಲ್ಲಿ ನಳಿಕೆ ಕೂಡಿಸುತ್ತಾರಂತೆ. ಗಾಡಿಯ ಮಾತು ಇನ್ನು ಮರೆಯಬೇಕಂತೆ.

ಈಗ ಅವಳನ್ನು ವೇದಿಕೆಯ ಮೇಲೆ ಕೂಡಿಸಿದ್ದರು. ಶಾಲು ಹೊದಿಸಿದರು, ಚೆಂಡುಹೂವಿನ ಹಾರ ಹಾಕಿದರು. ಬದುಕಿದ್ದವಳಿಗೆ ಹಾಕುವ ಹಾರದಂತೆ ಅದು ಅವಳಿಗೆ ಅನಿಸಲಿಲ್ಲ. ಕೆಳಗೆ ಗಣಿಯ ಮೆಟ್ಟಿಲುಗಳ ಮೇಲೆ, ಒಡೆದ ಫರಸಿಯ ರಾಶಿಗಳ ಮೇಲೆ, ಜನವೋ ಜನ. ಸುಣ್ಣದ ಗೆರೆಯ ಪಕ್ಕದಲ್ಲಿ ಕಲ್ಯಾಣಪ್ಪನ ಮಿಲ್ಲಿನ ಲಾರಿ ನಿಂತಿತ್ತು. ಅದರ ತುಂಬ ಮಿಲ್ಲಿನ ಹೆಸರು ಹೊಡೆದ ತೊಗರಿ ಚೀಲಗಳು. ಅವು ಕೊಡಲು ತಂದವಲ್ಲ, ಫೋಟೋದಲ್ಲಿ ಕಾಣಲು ತಂದವು. ಕೊಡುವುದಕ್ಕೆಂದು ವೇದಿಕೆಯ ಮೇಲೆ ಒಂದೇ ಚೀಲ ಇತ್ತು.

ಕಲ್ಯಾಣಪ್ಪ ಮೈಕು ಹಿಡಿದರೆ ಬಿಡುವವನಲ್ಲ. ತೆಲುಗಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ, ಅಮರರಾದ ಹುಡುಗರಿಂದ ಹಿಡಿದು ತನ್ನ ತಂದೆಯ ದಾನಧರ್ಮದವರೆಗೆ ಎಲ್ಲ ಹೇಳಿದ. ಕಣ್ಣೊರೆಸಿಕೊಂಡ. ಆಮೇಲೆ ಧಮ್ಮಶೀಲಾಳ ತಲೆಯ ಮೇಲೆ ಕೈಯಿಟ್ಟು ಹೇಳಿದ:

"ಈ ಹುಡುಗಿ ಗಾಡಿ ಹೊಡಿಯೋ ಹಂಗ ಇದ್ರ, ಅಕಿ ಹೊಡದ ಒಂದೊಂದು ಸುತ್ತಿಗಿ ಒಂದೊಂದು ಚೀಲ ಕೊಡ್ತಿದ್ದೆ. ಏನ್ ಮಾಡಾದು, ದೇವರ ಆಟ."

ಜನ ಚಪ್ಪಾಳೆ ಹೊಡೆದರು. ಧಮ್ಮಶೀಲಾ ತಲೆಯ ಮೇಲಿದ್ದ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು, ಯಾರದೋ ಸಾಮಾನನ್ನು ಸರಿಸಿಟ್ಟ ಹಾಗೆ. ಮೈಕಿನ ಕಡೆ ಬಾಗಿದಳು.

"ಸಾವ್ಕಾರ್ರೀ, ಆಡಿದ ಮಾತಿಗಿ ನಿಂದ್ರತೀರಿ?"

ಅವನಿಗೆ ಅದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೂ ಜನರ ಎದುರಿಗೆ ಬೇರೆ ದಾರಿ ಇರಲಿಲ್ಲ. "ಕಲ್ಯಾಣಪ್ಪ ಒಮ್ಮಿ ಅಂದ್ರ ಅಂದಂಗೇ," ಎಂದು ನಕ್ಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಹಾರ ತೆಗೆದು ಕುರ್ಚಿಗೆ ಹಾಕಿ ಇಳಿದು ಬಂದಳು.

ಗಾಡಿ ಶುರುವಾಗಲಿಲ್ಲ. ಒದ್ದಳು, ಮತ್ತೆ ಒದ್ದಳು. ಉಳಿದವರು ಗೆರೆಯ ಮೇಲೆ ಎಂಜಿನ್ ಗುರ್ರೆನ್ನಿಸುತ್ತಿದ್ದರು. ಮೇಲಿನಿಂದ ಯಾರೋ ನಕ್ಕರು, ಯಾರೋ ಅಯ್ಯೋ ಪಾಪ ಎಂದರು. ಪಾಪ ಎಂದವರ ಮೇಲೇ ಅವಳಿಗೆ ಹೆಚ್ಚು ಸಿಟ್ಟು ಬಂತು. ಬಗ್ಗಿ ನೋಡಿದರೆ ಎಂಜಿನ್ನಿನ ನೆತ್ತಿಯಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗೇ ಇಲ್ಲ.

ಬೇರೆಯವರಾಗಿದ್ದರೆ ಹುಡುಕಬೇಕಿತ್ತು. ಅವಳು ನೆಟ್ಟಗೆ ಜಾಲಿ ಗಿಡದ ಕೆಳಗೆ ಕೂತಿದ್ದ ಅಪ್ಪನ ಬಳಿಗೆ ಹೋಗಿ ಕೈ ಚಾಚಿದಳು.

ಪೋಚಪ್ಪ ತಲೆ ಎತ್ತಲಿಲ್ಲ. "ಬಿದ್ದಿ ಅಂದ್ರ ನಾಳಿ ನಾ ಯಾರಿಗಿ ಕರ್ಕೊಂಡು ಹೋಗ್ಲಿ ಬೇಟಾ?" ಎಂದ.

ಅವಳು ಕೂಗಾಡಬೇಕೆಂದೇ ಬಂದಿದ್ದಳು. ಆದರೆ ಬಂದದ್ದು ಸಣ್ಣ ದನಿ. "ನಾಳಿಂದ ಈ ಮೈ ದವಾಖಾನಿದವರದು. ಸೂಜಿ ಚುಚ್ಚಲಿ, ನಳಿಗಿ ಹಾಕ್ಲಿ, ಬ್ಯಾಡ ಅನ್ನಾಲ್ಲ. ಇವತ್ತೊಂದಿನ ನಂದದ ಅಪ್ಪಾ. ನಂದು ನನಗ ಕೊಡು."

ಅವನು ಅಂಗಿಯ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಪ್ಲಗ್ಗು ಫಳಫಳ ಹೊಳೆಯುತ್ತಿತ್ತು. ಬಚ್ಚಿಟ್ಟುಕೊಂಡು ಕೂತವನು ಕೂತಲ್ಲೇ ಅದನ್ನು ಉಜ್ಜಿ ಮಸಿ ತೆಗೆದು ಸರಿಮಾಡಿದ್ದ. ಅವಳ ಕೈಗೆ ಕೊಡದೆ ತಾನೇ ಎದ್ದು ಹೋಗಿ ಗಾಡಿಗೆ ಕೂಡಿಸಿದ.

ರೇಸು ಹತ್ತು ಸುತ್ತಿನದು. ಧಮ್ಮಶೀಲಾ ಗೆದ್ದಳು ಎಂದು ಬರೆಯುವ ಆಸೆ ಯಾರಿಗೂ ಆಗುತ್ತದೆ, ಆದರೆ ಗೆಲ್ಲಲಿಲ್ಲ. ಹೊರಟಾಗ ಎಲ್ಲರಿಗಿಂತ ಹಿಂದಿದ್ದಳು. ಕಲ್ಲುಪುಡಿಯ ಬಿಳಿ ದೂಳು ಮೂಗು ಬಾಯಿ ತುಂಬಿತು. ರಾಶಿಯ ದಿಬ್ಬ ಹಾರಿ ಇಳಿದಾಗಲೆಲ್ಲ ಹೆಲ್ಮೆಟ್ಟಿನ ಪಟ್ಟಿ ಗಡ್ಡೆಯ ಮೇಲೆ ಒತ್ತುತ್ತಿತ್ತು; ಒತ್ತಿದಾಗಲೆಲ್ಲ ಅವಳು ಅದಕ್ಕೆ ಬಾಯಿಗೆ ಬಂದದ್ದು ಬೈದಳು. ಒಬ್ಬ ಬಿದ್ದ, ಅವನನ್ನು ದಾಟಿದಳು. ತಿರುವಿನಲ್ಲಿ ಒಳಗಿನಿಂದ ನುಗ್ಗಿ ಇನ್ನಿಬ್ಬರನ್ನು ಹಿಂದೆ ಹಾಕಿದಳು. ಆ ತಿರುವಿನಲ್ಲಿ ಮಾತ್ರ ಅವಳಿಗೆ ರೋಗ, ಸೋಮವಾರ, ಫ್ಲೆಕ್ಸಿನ ದೀಪ ಯಾವುದೂ ನೆನಪಿರಲಿಲ್ಲ. ಎಂಟು ವರ್ಷದಿಂದ ಕೇಳಿದ್ದು ಅವಳಿಗೆ ಸಿಕ್ಕಿತು.

ಅವಳು ಗೆರೆ ದಾಟಿದ ಒಂದೊಂದು ಸಲಕ್ಕೂ ಮಿಲ್ಲಿನ ಹಮಾಲ ಭೀಮಶಾ ಲಾರಿಯಿಂದ ಒಂದು ಚೀಲ ಇಳಿಸಿ ಗೆರೆಯ ಪಕ್ಕ ಸಾಲಾಗಿ ಇಡುತ್ತಿದ್ದ. ಕಲ್ಯಾಣಪ್ಪನೇ ಹಾಗೆ ಹೇಳಿದ್ದ, ಎರಡೋ ಮೂರೋ ಸುತ್ತಿನಲ್ಲಿ ಹುಡುಗಿ ನಿಲ್ಲುತ್ತಾಳೆ ಎಂಬ ಧೈರ್ಯದ ಮೇಲೆ. ಹತ್ತು ಮುಗಿದಾಗಲೂ ಅವನು ನಗುತ್ತಲೇ ಇದ್ದ. ಗೆದ್ದ ಹುಡುಗನಿಗೆ ಹಾರ ಹಾಕಿದರು. ಉಳಿದವರು ಗಾಡಿ ನಿಲ್ಲಿಸಿ ನೀರು ಕುಡಿದರು.

ಧಮ್ಮಶೀಲಾ ನಿಲ್ಲಿಸಲಿಲ್ಲ.

ಮೊದಲು ಅವಳಿಗೆ ಲೆಕ್ಕ ತಪ್ಪಿದೆ ಎಂದುಕೊಂಡರು. ಇನ್ನೊಂದು ಸುತ್ತು ಬಂತು, ಅದರ ಹಿಂದೆ ಮತ್ತೊಂದು. ಈಗ ಅವಳಿಗೆ ಅವಸರವಿರಲಿಲ್ಲ. ನೆಟ್ಟಗೆ ಕೂತು, ಗಾಣದ ಎತ್ತಿನ ಹಾಗೆ ಒಂದೇ ಹದದಲ್ಲಿ ಸುತ್ತುತ್ತಿದ್ದಳು. ರೇಸು ಮುಗಿಯಿತಲ್ಲ ಎಂದು ಕಲ್ಯಾಣಪ್ಪ ಮೈಕಿನಲ್ಲಿ ಹೇಳಿದ. ಅದಕ್ಕೆ ಧಾರೂರು ಕಡೆಯ ಮೈಸಮ್ಮ ಎಂಬ ಮುದುಕಿ, ಸುತ್ತಿಗೆ ಒಂದು ಬೊಗಸೆ ಕೊಡುತ್ತೇನೆಂದು ಸೆರಗಿನಲ್ಲಿ ತೊಗರಿ ಕಟ್ಟಿಕೊಂಡು ಬಂದವಳು, ಕಲ್ಲಿನ ಮೇಲಿನಿಂದಲೇ ಉತ್ತರ ಕೊಟ್ಟಳು: "ಹೊಡದ ಒಂದೊಂದು ಸುತ್ತಿಗಿ ಅಂದೀರಿ. ಹತ್ತೇ ಅಂದಿದ್ದಿಲ್ಲ ನೋಡ್ರಿ." ಹೇಳಿ, ಸೆರಗು ಬಿಚ್ಚಿ ತನ್ನ ಇನ್ನೊಂದು ಬೊಗಸೆಯನ್ನು ತೊಗರಿ ಕೂಡಿಸಲು ಇಟ್ಟಿದ್ದ ಕುಕ್ಕೆಗೆ ಸುರಿದಳು.

ಜನಕ್ಕೆ ಆಗ ಅರ್ಥವಾಯಿತು. ಪಾಪ ಎನ್ನುತ್ತಿದ್ದ ಬಾಯಿಗಳು ಮುಚ್ಚಿದವು. ಕಲ್ಯಾಣಪ್ಪ ಇಂಗು ತಿಂದ ಮಂಗನಂತಾದ. ಎದ್ದು ಹೋದರೆ ಮಾತಿಗೆ ತಪ್ಪಿದಂತೆ, ಕೂತರೆ ಚೀಲ ಇಳಿಯುತ್ತದೆ. ರೇಸು ಮುಗಿದದ್ದಕ್ಕೆ ಬೀಸುವ ಬಾವುಟ ಸಿಗದೆ ಒಂದು ಚೌಕಳಿ ಲುಂಗಿಯನ್ನು ಕೋಲಿಗೆ ಕಟ್ಟಿದ್ದರು. ಅದನ್ನು ಬೀಸಿ ಅವಳನ್ನು ನಿಲ್ಲಿಸೆಂದು ಅವನು ಜೈಪಾಲನಿಗೆ ಹೇಳಿ ಕಳಿಸಿದ. ಜೈಪಾಲ ಫ್ಲೆಕ್ಸಿನ ಕಡೆಗೊಮ್ಮೆ, ಟ್ರ್ಯಾಕಿನ ಕಡೆಗೊಮ್ಮೆ ನೋಡಿದ. ಲುಂಗಿಯನ್ನು ಮಡಚಿ ಕಲ್ಲಿನ ಮೇಲೆ ಹಾಕಿ ಅದರ ಮೇಲೇ ಕೂತುಬಿಟ್ಟ.

ಚೀಲದ ಸಾಲು ಗೆರೆಯಿಂದ ವೇದಿಕೆಯ ಹತ್ತಿರ ಬಂದಿತ್ತು. ಬಿಸಿಲು ಇಳಿದು ಗಣಿಯ ಅರ್ಧಕ್ಕೆ ನೆರಳು ಬಿದ್ದಿತ್ತು. ಆಗ ಆಚೆ ತುದಿಯ ತಿರುವಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಪೆಟ್ರೋಲು ತೀರಿತ್ತು. ಕಲ್ಯಾಣಪ್ಪ ಶಾಲು ಕೊಡವಿಕೊಂಡು ಎದ್ದ. ಆಯಿತು, ದೇವರು ದೊಡ್ಡವನು, ಚೀಲ ಇಳಿಸುವುದು ಸಾಕು ಎಂದು ಮೈಕಿನಲ್ಲಿ ಹೇಳಿದ.

ಆಚೆ ಧಮ್ಮಶೀಲಾ ಗಾಡಿಯಿಂದ ಇಳಿದಳು. ಹ್ಯಾಂಡಲ್ ಹಿಡಿದು ತಳ್ಳತೊಡಗಿದಳು.

ಪೋಚಪ್ಪ ಟ್ರ್ಯಾಕಿಗೆ ಅಡ್ಡ ಹಾಯ್ದು ಓಡಿದ. ಅವನು ಹಿಂದಿನಿಂದ ಕೈ ಹಚ್ಚಲು ಹೋದಾಗ ಅವಳು ತಿರುಗಿ ನೋಡಿದಳು. ಅವನು ಕೈ ಹಿಂದೆ ತೆಗೆದುಕೊಂಡ. ಅವಳ ಉಸಿರು ಬಡಗಿಯ ಗರಗಸದಂತೆ ಎಳೆಯುತ್ತಿತ್ತು, ಅಂಗಿ ಮೈಗೆ ಅಂಟಿತ್ತು. ಅವನು ಪಕ್ಕಕ್ಕೆ ಬಂದು, ನಡೆಯುತ್ತಲೇ, ಅವಳ ಕೊರಳ ಕೆಳಗಿನ ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದ. ಪಟ್ಟಿ ಒತ್ತಿದ ಜಾಗ ಕೆಂಪಗೆ ಕಂದಿತ್ತು, ಅದರ ಕೆಳಗೆ ಗಡ್ಡೆ ಎದ್ದು ಕಾಣುತ್ತಿತ್ತು. ಮತ್ತೆ ಬಂದ ಈ ಗಡ್ಡೆಯನ್ನು ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಓದಿದ್ದ ಪೋಚಪ್ಪ ಮೊದಲ ಸಲ ಅದನ್ನು ಕಣ್ಣಾರೆ ನೋಡಿದ. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದ.

ನೂಕಿದ್ದು ಸುತ್ತಲ್ಲ ಎಂದು ಕಲ್ಯಾಣಪ್ಪ ವೇದಿಕೆಯ ಮೇಲಿನಿಂದ ಒಂದೆರಡು ಸಲ ಹೇಳಿದ. ಯಾರೂ ಅವನ ಕಡೆ ತಿರುಗಲಿಲ್ಲ. ಲಾರಿಯ ಮೇಲೆ ಭೀಮಶಾ ಬೀಡಿ ಆರಿಸಿ ಕಿವಿಯ ಸಂದಿಗೆ ಸಿಕ್ಕಿಸಿದ. ಮುಂದಿನ ಚೀಲಕ್ಕೆ ಕೊಕ್ಕೆ ಹಾಕಿ ಲಾರಿಯ ಅಂಚಿನತನಕ ಎಳೆದು ತಂದ. ಆಮೇಲೆ ಕೆಳಗಿಳಿದು, ಬೆನ್ನು ಬಗ್ಗಿಸಿ ಚೀಲಕ್ಕೆ ಹೆಗಲು ಕೊಟ್ಟು, ಅವಳು ಗೆರೆಗೆ ಬರುವುದನ್ನು ನೋಡುತ್ತ ನಿಂತ.