ಅಳಿಯನಿಗೆ ಕೊಟ್ಟ ಉಳಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಸಾಣೆ ಅಂತಲೇ ಕರೆಯುತ್ತಿದ್ದರು. ಬಡಗಿ ಮೇಸ್ತ್ರಿಯ ಮಗಳು. ಬೆಂಚಿಗೆ ತಲೆ ಎಟುಕದ ವಯಸ್ಸಿನಿಂದಲೇ ಅಪ್ಪನ ಉಳಿಗಳನ್ನು ಸಾಣೆಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಅವಳ ಬೆರಳ ತುದಿಗಳು ಕಪ್ಪುಗಟ್ಟಿದ್ದವು. ನಾಲಿಗೆಯೂ ಕೈಕೆಲಸಕ್ಕೆ ತಕ್ಕ ಹಾಗೆ ಹರಿತ. ಹಾಗಾಗಿ ಹೆಸರು ಎರಡು ಕಡೆಯಿಂದಲೂ ಅಂಟಿಕೊಂಡಿತ್ತು.

ಮೇಸ್ತ್ರಿಗೆ ಮಗನೂ ಒಬ್ಬ ಇದ್ದ. ಸಾಣೆಗಿಂತ ದೊಡ್ಡವನು, ಮರದ ಎಳೆ ಯಾವ ಕಡೆ ಓಡುತ್ತದೆ ಅಂತ ತೊಗಟೆ ನೋಡಿಯೇ ಹೇಳುವಂಥವನು. ಅವನು ಸ್ವಂತ ಕೆಲಸ ಹಿಡಿಯುವ ಹೊತ್ತಿಗೆ ಮೇಸ್ತ್ರಿ ಅಣ್ಣತಂಗಿ ಇಬ್ಬರನ್ನೂ ಕರೆದುಕೊಂಡು ದೂರದ ಪೇಟೆಗೆ ಹೋಗಿ ಒಂದಿಡೀ ದಿನ ಉಳಿಗಳನ್ನು ಆರಿಸಿದ್ದ. ಒಂದೊಂದನ್ನೂ ಬೆರಳಿಗೆ ನೇತುಹಾಕಿ ತಟ್ಟಿ ನಾದ ಕೇಳಿದ. ಎರಡು ಉಳಿಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಬೆಳಕಿಗೆ ಹಿಡಿದ. "ನಡುವೆ ಬೆಳಕು ಕಂಡ್ರೆ ಬೆನ್ನು ಸಪಾಟಾಗಿಲ್ಲ ಅಂತ. ಬೆನ್ನು ಸಪಾಟಿಲ್ಲದ ಉಳಿಗೆ ಎಷ್ಟು ತಿಕ್ಕಿದ್ರೂ ಹರಿತವಾದ ಬಾಯಿ ಬರಲ್ಲ, ತಿಳೀತಾ?" ಅಂದ. ಅಂಗಡಿಯವನಿಗೆ ಸುಸ್ತಾಗಿತ್ತು. ಅಣ್ಣನಿಗೆ ನಗು. ಸಾಣೆ ಮಾತ್ರ ಕಣ್ಣು ಮಿಟುಕಿಸದೆ ನೋಡಿಕೊಂಡಿದ್ದಳು.

ಆ ಉಳಿಗಳನ್ನು ಹಿಡಿದು ಅಣ್ಣ ಕೆಲಸ ಮಾಡಿದ್ದು ಒಂದೇ ಮಳೆಗಾಲ. ಎದೆಗಿಳಿದ ಜ್ವರ ಅವನನ್ನು ಕೊಂಡೊಯ್ದಿತು. ಮೇಸ್ತ್ರಿ ಉಳಿಗಳನ್ನೆಲ್ಲ ಮಗನ ಕೊನೆಯ ಅಂಗಿಯಲ್ಲೇ ಸುತ್ತಿ, ಒಳಕೋಣೆಯ ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಕೀಲಿಕೈ ಅವನ ಸೊಂಟ ಬಿಡಲಿಲ್ಲ. ಆಗಾಗ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಉಳಿಗಳಿಗೆ ಎಣ್ಣೆ ಸವರಲು ಹೋಗುತ್ತಾನೆ ಅಂತ ಸಾಣೆ ಅಂದುಕೊಂಡಿದ್ದಳು.

ವರ್ಷಗಳು ಕಳೆದು ಸಾಣೆಗೆ ಮದುವೆಯಾಯಿತು. ಗಂಡ ಬೇರೊಂದು ಕಡೆ ಕಿಟಕಿ ಬಾಗಿಲು ಮಾಡುತ್ತಿದ್ದವನು. ಮಿತಭಾಷಿ, ಆದರೆ ನಗಿಸುವುದು ಗೊತ್ತು. ಮೇಸ್ತ್ರಿಗೆ ವಯಸ್ಸಾಗಿ ಕೊಡತಿ ಎತ್ತುವಾಗ ಭುಜ ಹಿಡಿಯುತ್ತಿದ್ದುದರಿಂದ ಅಳಿಯ ಅಲ್ಲಿಗೇ ಬಂದು ಬೆಂಚಿಗೆ ನಿಂತ. ಬಂದ ಮೊದಲ ವಾರವೇ ಮೇಸ್ತ್ರಿ ಮೂಲೆಯ ಅಂಗಡಿಯಿಂದ ಫಳಫಳ ಹೊಳೆಯುವ ಒಂದು ಉಳಿ ತಂದು ಅವನ ಕೈಗಿಟ್ಟ. ಹಳದಿ ಪ್ಲಾಸ್ಟಿಕ್ ಹಿಡಿ, ಅಲಗಿನ ತುಂಬ ಮೆರುಗು.

ಸಾಣೆ ಅದರ ಮೂಲೆಗೆ ಅರ ಎಳೆದು ನೋಡಿದಳು. ಅರ ಕಚ್ಚಿಕೊಂಡಿತು. ಗಟ್ಟಿ ಉಕ್ಕಾಗಿದ್ದರೆ ಜಾರಬೇಕಿತ್ತು.

"ಅಪ್ಪ, ಇದಕ್ಕೆ ಹದಾನೇ ಕೊಟ್ಟಿಲ್ಲ. ಹೊಳಪು ಬಿಟ್ರೆ ಇದ್ರಲ್ಲಿ ಇನ್ನೇನೂ ಇಲ್ಲ."

"ಹೊಸಬನಿಗೆ ಇಷ್ಟು ಸಾಕು."

"ಅವರು ಹೊಸಬರಾ? ನನ್ನ ಮದ್ವೆಗೆ ಮುಂಚೆಯಿಂದ ಮಾಡ್ತಿದಾರೆ."

"ನನ್ನ ಬೆಂಚಿಗೆ ಹೊಸಬ," ಅಂದ ಮೇಸ್ತ್ರಿ. ಅಲ್ಲಿಗೆ ಮಾತು ಮುಗಿಯಿತು.

ಅಣ್ಣನ ಉಳಿಗಳನ್ನು ಕೊಡು ಅನ್ನುವ ಮಾತು ಅವಳ ಬಾಯಿಯವರೆಗೆ ಬಂತು. ಬೀದಿಗೆಲ್ಲ ನಾಲಿಗೆಯ ಹರಿತ ತೋರಿಸುವವಳು ಅಪ್ಪನ ಮುಖ ನೋಡಿ ನುಂಗಿಕೊಂಡಳು. ರಾತ್ರಿ ಗಂಡನೇ ಸಮಾಧಾನ ಹೇಳಿದ. "ಹೋಗ್ಲಿ ಬಿಡು. ನೀನಿದೀಯಲ್ಲ ತಿಕ್ಕಿ ಕೊಡೋಕೆ. ಗಳಿಗೆಗೊಂದು ಸಲ ನಿನ್ನ ಕರೆಯೋ ನೆಪ ಸಿಕ್ತು ನಂಗೆ."

ಹಾಗೇ ಆಯಿತು. ಬೆಳಗ್ಗೆ ಕೂದಲು ಬೋಳಿಸುವಷ್ಟು ಹರಿತ ಮಾಡಿ ಕೊಟ್ಟರೆ ಹತ್ತು ಏಟಿಗೆ ಅದರ ಬಾಯಿ ಮಡಚಿಕೊಳ್ಳುತ್ತಿತ್ತು. ಅವನು ಕೂಗುವುದು, ಇವಳು ಕೈ ಒರೆಸಿಕೊಂಡು ಬರುವುದು, ತಿಕ್ಕುವುದು. ಒಂದು ವರ್ಷ ಹೀಗೇ ನಡೆಯಿತು.

ಒಂದು ದೊಡ್ಡ ಮನೆಯ ಬಾಗಿಲುಗಳ ಕೆಲಸ ಬಂದಿತ್ತು. ಕಲ್ಲಿನಂಥ ಮರ, ಗಂಟುಗಳು ಬೇರೆ. ಮರವನ್ನು ಅಲ್ಲಾಡದಂತೆ ಕಚ್ಚಿ ಹಿಡಿಯುವ ಬಿಗಿಪಟ್ಟಿಯನ್ನು ಮೇಸ್ತ್ರಿ ತನ್ನ ಕೆಲಸಕ್ಕೆ ತೆಗೆದುಕೊಂಡಿದ್ದರಿಂದ ಅಳಿಯ ಚೌಕಟ್ಟಿನ ಮರವನ್ನು ಎಡಗೈಯಲ್ಲೇ ಒತ್ತಿ ಹಿಡಿದು ಕೂಡಿಕೆಯ ತೂತಿನ ಗೋಡೆ ಸವರುತ್ತಿದ್ದ. ಉಳಿ ಮೊಂಡಾಯಿತು. ಎಂದಿನಂತೆ ಕೂಗಿದ.

ಸಾಣೆ ಅಡುಗೆಮನೆಯಲ್ಲಿದ್ದಳು. ಒಲೆಯ ಮೇಲೆ ಹಾಲಿತ್ತು. "ಸ್ವಲ್ಪ ತಡೀರಿ, ಉಕ್ಕಿ ಹೋಗತ್ತೆ," ಅಂದಳು.

"ಎಷ್ಟೊತ್ತಯ್ಯಾ ಆ ಒಂದು ತೂತಿಗೆ?" ಮೇಸ್ತ್ರಿ ಆ ತುದಿಯಿಂದ ಗದರಿದ್ದೂ ಅವಳಿಗೆ ಕೇಳಿಸಿತು.

ಆಮೇಲೆ ಏನೂ ಕೇಳಿಸಲಿಲ್ಲ. ಕಿರುಚಾಟವಿಲ್ಲ, ಬಿದ್ದ ಸದ್ದಿಲ್ಲ. ಆ ಮೌನಕ್ಕೇ ಅವಳು ಹಾಲನ್ನು ಹಾಗೇ ಬಿಟ್ಟಳು. ಓಡಿ ಬಂದಾಗ ಗಂಡ ಬೆಂಚಿಗೆ ಒರಗಿ ನಿಂತು ತನ್ನ ಎಡಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಮೊಂಡು ಉಳಿಗೆ ಮೈಭಾರ ಹಾಕಿ ಒತ್ತಿದ್ದಾನೆ. ಅದು ಗಂಟಿನ ಮೇಲೆ ಜಾರಿ ಹೆಬ್ಬೆರಳ ಬುಡದಿಂದ ಅಂಗೈ ಉದ್ದಕ್ಕೂ ನುಗ್ಗಿದೆ. ಕೆಳಗೆ ಮರದ ಹೊಟ್ಟು ಕೆಂಪಗೆ ಮುದ್ದೆಯಾಗಿತ್ತು.

"ಮರಕ್ಕೆ ರಕ್ತ ತಾಗಿದ್ಯಾ ನೋಡು, ಕಲೆ ಹೋಗಲ್ಲ," ಅಂದ. ಅಷ್ಟು ಹೇಳಿ ಕುಸಿದ.

ಆಸ್ಪತ್ರೆಯಲ್ಲಿ ಹೊಲಿದರು, ಮತ್ತೆ ಬಿಚ್ಚಿ ಹೊಲಿದರು. ಒಳಗಿನ ನರ ತುಂಡಾಗಿದೆ ಅಂದರು. ಗಾಯವೇನೋ ಮಾಗಿತು. ಆದರೆ ಹೆಬ್ಬೆರಳು ಉಳಿದ ಬೆರಳುಗಳನ್ನು ಮುಟ್ಟಲಿಲ್ಲ, ಎರಡು ಬೆರಳು ಕೊಕ್ಕೆಯಂತೆ ಬಾಗಿಯೇ ಉಳಿದವು. ಒಂದು ಲೋಟ ಹಿಡಿಯಲಾಗದ ಕೈಯಲ್ಲಿ ಉಳಿ ಹಿಡಿಯುವ ಮಾತೆಲ್ಲಿ! ಅವನು ಹಜಾರದ ಗೋಡೆಗೆ ಒರಗಿ ಕೂತಿರುತ್ತಿದ್ದ. ನಗಿಸುವುದಿರಲಿ, ಕರೆದರೂ ಎರಡನೇ ಸಲಕ್ಕೆ ಓಗೊಡುತ್ತಿದ್ದ.

ಸಾಣೆಗೆ ಹಾಲು ಕಂಡರಾಗುತ್ತಿರಲಿಲ್ಲ. ಉಕ್ಕಿದರೆ ಉಕ್ಕಲಿ ಅನ್ನಬಾರದಿತ್ತೇ ನಾನು ಅಂತ ಒಲೆಯ ಮುಂದೆ ನಿಂತಲ್ಲೇ ಒಳಗೊಳಗೇ ಬೇಯುತ್ತಿದ್ದಳು. ಗಂಡನ ಹತ್ತಿರ ಒಮ್ಮೆ ಹೇಳಿಯೂ ಬಿಟ್ಟಳು. ಅವನು, "ನಾನು ಕಾಯಬೇಕಿತ್ತು," ಅಂದ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಒಂದು ದಿನ ದೊಡ್ಡ ಮನೆಯವರು ಬಾಗಿಲು ಏನಾಯಿತು ಅಂತ ಕೇಳಿಕೊಂಡು ಬಂದರು. ಮೇಸ್ತ್ರಿ ಅವರೆದುರು ಅಂದ: "ಏನ್ಮಾಡೋದು ಸ್ವಾಮಿ, ಅಳಿಯನ ಕೈಗೆ ಹಿಡಿತ ಇರಲಿಲ್ಲ. ನನ್ನ ಮಗ ಇದ್ದಿದ್ರೆ…"

ಹಜಾರಕ್ಕೆ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದ.

ಬಂದವರು ಹೋದ ಮೇಲೆ ಸಾಣೆ ಹಳದಿ ಹಿಡಿಯ ಉಳಿಯನ್ನು ತಂದು, ಅಲಗಿನ ತುದಿಯನ್ನು ಬೆಂಚಿನ ಸಂದಿಗೆ ಸಿಕ್ಕಿಸಿ, ಎರಡೂ ಕೈಯಿಂದ ಹಿಡಿಯನ್ನು ಒತ್ತಿದಳು. ಅಲಗು ತುಂಡಾಗಲಿಲ್ಲ, ಚಿಮ್ಮಿ ವಾಪಸ್ಸೂ ಬರಲಿಲ್ಲ. ಮೇಣದ ಹಾಗೆ ಬಾಗಿ ಹಾಗೇ ನಿಂತಿತು.

"ನೋಡು ಅಪ್ಪ. ಒಳ್ಳೆ ಉಕ್ಕಾದ್ರೆ ಮುರೀತಿತ್ತು, ಇಲ್ಲ ನೆಟ್ಟಗಾಗ್ತಿತ್ತು. ಇದು ಉಳಿಯಲ್ಲ, ತಗಡು. ಇದನ್ನ ನಿನ್ನ ಮಗನ ಕೈಗೆ ಕೊಡ್ತಿದ್ಯಾ?"

ಮೇಸ್ತ್ರಿ ಬಾಗಿದ ಅಲಗನ್ನೇ ನೋಡಿದ.

"ಆವತ್ತು ಪೇಟೇಲಿ ದಿನವಿಡೀ ನಿಂತು ಆರಿಸಿದವನು ನೀನು. ನಿಂಗೆ ಗೊತ್ತಿಲ್ದೆ ತಂದಿದ್ರೆ ನಾನು ಸುಮ್ನಿರ್ತಿದ್ದೆ. ಗೊತ್ತಿದ್ದೇ ತಂದೆ. ಅವರು ಇಲ್ಲಿ ಬೇರೂರಬಾರದು, ಅಣ್ಣನ ಜಾಗ ಹಾಗೇ ಇರಬೇಕು, ಅಷ್ಟೇ ತಾನೆ?"

ಮುದುಕ ಎದ್ದು ಒಳಗೆ ಹೋದ. ಮರುದಿನ ಬೆಳಗ್ಗೆ ಹಜಾರಕ್ಕೆ ಬಂದು, ಸೊಂಟದ ಕೀಲಿಕೈ ಬಿಚ್ಚಿ ಅಳಿಯನ ಮುಂದೆ ನೆಲದ ಮೇಲಿಟ್ಟ. "ತಗೊಳ್ಳಪ್ಪ. ಎಲ್ಲಾ ನಿಂದೇ."

ಅಳಿಯ ಕೀಲಿಕೈಯನ್ನೂ ನೋಡಿದ, ತನ್ನ ಎಡಗೈಯನ್ನೂ ನೋಡಿದ. "ಯಾವ ಕೈಲಿ ತಗೊಳ್ಳಲಿ ಮಾವ?"

ಸಾಣೆಯೇ ಪೆಟ್ಟಿಗೆ ತೆರೆದಳು. ಅಂಗಿ ಅಲಗುಗಳಿಗೆ ಅಂಟಿಕೊಂಡು ತುಕ್ಕಿಗೆ ಕಂದುಬಣ್ಣವಾಗಿತ್ತು. ಎಳೆದರೆ ಪದರ ಪದರವಾಗಿ ಹರಿಯಿತು. ಜ್ವರದ ಬೆವರು ಕುಡಿದ ಬಟ್ಟೆ, ಬಚ್ಚಲಿಗೆ ತಾಗಿದ ಒದ್ದೆ ಗೋಡೆ. ಅಷ್ಟು ವರ್ಷ ಯಾರೂ ಬೀಗ ತೆಗೆದಿರಲಿಲ್ಲ. ಮೇಸ್ತ್ರಿ ಒಳಗೆ ಹೋಗಿ ಪೆಟ್ಟಿಗೆಯ ಮೇಲೆ ಕೂತು ಬರುತ್ತಿದ್ದ, ಅಷ್ಟೇ. ಒಂದು ಉಳಿಯನ್ನು ಕಲ್ಲಿಗೆ ಹಿಡಿದು ಉಜ್ಜಿದಳು. ತುಕ್ಕು ಹೋದ ಹಾಗೆ ಅಡಿಯಿಂದ ಗುಳಿಗಳು ಕಂಡವು, ಸಿಡುಬಿನ ಮುಖದ ಹಾಗೆ. ಆಳಕ್ಕಿಳಿದ ಗುಳಿಗಳು. ಬೆನ್ನಿನ ತುಂಬ ಹೀಗಿದ್ದರೆ ಎಷ್ಟು ತಿಕ್ಕಿದರೂ ಬಾಯಿ ಬರುವುದಿಲ್ಲ. ಇನ್ನೊಂದು ಉಜ್ಜಿದಳು. ಮತ್ತೊಂದು. ಒಂದೂ ಉಳಿದಿರಲಿಲ್ಲ.

ಮೇಸ್ತ್ರಿ ಬಾಗಿಲಲ್ಲಿ ನಿಂತು ನೋಡಿದ. ಮಗ ಸತ್ತಾಗ ಬೀದಿಯೆದುರು ಅಳದಿದ್ದ ಮನುಷ್ಯ ಈಗ ಹೊಸ್ತಿಲ ಮೇಲೆ ಕೂತು ಸದ್ದು ಮಾಡಿ ಅತ್ತ. ಸಾಣೆಗೆ ಹೋಗಿ ಭುಜ ಹಿಡಿಯಬೇಕು ಅನ್ನಿಸಿತು. ಹೋಗಲಿಲ್ಲ. ಆವತ್ತಿನಿಂದ ಮೇಸ್ತ್ರಿ ಬೆಂಚಿಗೆ ಬರಲಿಲ್ಲ.

ಬಾಗಿಲುಗಳ ಕೆಲಸ ಹಾಗೇ ನಿಂತಿತ್ತು. ಒಂದು ಬೆಳಗ್ಗೆ ಸಾಣೆ ಗಂಡನಿಗೆ, "ಅಂಗಿ ಹಾಕ್ಕೊಳ್ಳಿ, ಉಳಿ ತರೋಕೆ ಹೋಗ್ಬೇಕು," ಅಂದಳು.

"ಯಾರಿಗೆ?"

"ನಂಗೆ. ಇಷ್ಟು ವರ್ಷ ತಿಕ್ಕಿದ್ದು ಸಾಕು, ಹೊಡೆದೂ ನೋಡ್ತೀನಿ."

ಪೇಟೆಯ ಅಂಗಡಿಯವನು ಹೊಳೆಯುವ ಉಳಿಗಳ ಒಂದು ಕಟ್ಟು ಮುಂದಿಟ್ಟ. "ಹೆಂಗಸರ ಕೈಗೆ ಹಗುರ ಇರತ್ತೆ ಅಮ್ಮಾ, ಮನೆಗೆ ಇದು ಸಾಕು."

"ಅರ ಕೊಡಿ ಒಂದು. ಮೂಲೇಲಿ ಎಳೆದು ನೋಡ್ತೀನಿ. ಜಾರಿದ್ರೆ ನಾನು ತಗೋತೀನಿ, ಕಚ್ಚಿದ್ರೆ ನಿಮ್ಮ ಮನೆಗೇ ಇರ್ಲಿ."

ಅಂಗಡಿಯವನು ಕಟ್ಟನ್ನು ಎತ್ತಿಟ್ಟು, ಒಳಗಿಂದ ಎಣ್ಣೆಕಾಗದ ಸುತ್ತಿದ ಮಬ್ಬು ಬಣ್ಣದ ಉಳಿಗಳನ್ನು ತಂದ. ಅವಳು ಬೆನ್ನುಗಳನ್ನು ಜೋಡಿಸಿ ಬೆಳಕಿಗೆ ಹಿಡಿದಳು, ತಟ್ಟಿದಳು, ಮರದ ಹಿಡಿಯ ಎಳೆ ತುದಿಯಿಂದ ಬುಡಕ್ಕೆ ನೇರ ಓಡಿದೆಯೇ ನೋಡಿದಳು. ಅಡ್ಡ ಓಡಿದ್ದರೆ ಕೊಡತಿಯ ಏಟಿಗೆ ಸೀಳುತ್ತದೆ. ಎರಡನ್ನು ಬದಿಗಿಟ್ಟು ಗಂಡನ ಮುಖ ನೋಡಿದಳು. ಅವನು ಬಲಗೈ ಚಾಚಿ ಒಂದನ್ನು ತೂಗಿ ನೋಡಿದ. "ಇದರ ಮುಂಭಾರ ಜಾಸ್ತಿ, ಮಣಿಕಟ್ಟು ನೋಯತ್ತೆ. ಅದು ತಗೋ." ಒಂದು ಬಿಗಿಪಟ್ಟಿಯನ್ನೂ ಅವನೇ ತೋರಿಸಿದ, ಬೇರೆಲ್ಲೋ ನೋಡುತ್ತ.

ಅವಳು ಮೊದಲು ಮಾಡಿದ ಚೌಕಟ್ಟು ಸೊಟ್ಟಗಾಯಿತು, ಬಿಚ್ಚಿ ಒಲೆಗೆ ಹಾಕಿದಳು. ಎರಡನೆಯದು ನಿಂತಿತು. ದೊಡ್ಡ ಮನೆಯವರು ಒಪ್ಪಿಕೊಂಡರು. ಗಂಡ ಮರದ ಡಿಪೋದಲ್ಲಿ ದಿಮ್ಮಿ ಆರಿಸುವ ಕೆಲಸಕ್ಕೆ ಸೇರಿದ. ಅದಕ್ಕೆ ಕಣ್ಣಿದ್ದರೆ ಸಾಕು. ಬೆಳಗ್ಗೆ ಎಡಗೈಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ, ಸಂಜೆ ಹಾಗೇ ಬರುತ್ತಾನೆ. ಕೈ ತೊಳೆಯಲು ನಲ್ಲಿಯ ಹತ್ತಿರ ಹೋದರೆ ಮೇಸ್ತ್ರಿ ಎಲ್ಲಿದ್ದರೂ ಎದ್ದು ಬಂದು ನಲ್ಲಿ ತಿರುಗಿಸುತ್ತಾನೆ, ಮುಗಿಯುವವರೆಗೆ ನಿಂತು ಮುಚ್ಚುತ್ತಾನೆ.

ಬೆಂಚಿರುವ ಕೆಲಸದ ಕೊಟ್ಟಿಗೆಯೊಳಗೆ ಮಾತ್ರ ಗಂಡ ಆ ಗಾಯದ ಮೇಲೆ ಕಾಲಿಟ್ಟಿರಲಿಲ್ಲ. ಕೊನೆಯ ಬಾಗಿಲು ಮುಗಿದ ಸಂಜೆ ಸಾಣೆ ಕರೆದಳು. "ಒಂದ್ಸಲ ನೋಡಿ ಹೋಗ್ರೀ."

ಅವನು ಬಂದ. ಬಾಗಿಲ ಸುತ್ತ ಒಂದು ಸುತ್ತು ಹಾಕಿದ. ಬಲಗೈ ಬೆರಳನ್ನು ಕೂಡಿಕೆಯ ಮೇಲೆ ನಿಧಾನವಾಗಿ ಎಳೆದು, ಒಂದು ಕಡೆ ನಿಲ್ಲಿಸಿ, ಉಗುರು ಆಡಿಸಿದ.

"ಇಲ್ಲಿ ಸಂದು ಬಿಟ್ಟಿದೀಯಲ್ಲೇ. ಮಳೆಗಾಲ ಬಂದ್ರೆ ನೀರು ಕುಡಿಯತ್ತೆ. ಏನು ಕೆಲಸ ಇದು?"

ಅಷ್ಟು ತಿಂಗಳಲ್ಲಿ ಅವನು ಅವಳನ್ನು ಬಯ್ದದ್ದು ಅದೇ ಮೊದಲು. "ಬಿಚ್ಚಿ ಮತ್ತೆ ಮಾಡ್ತೀನಿ," ಅಂದಳು ಸಾಣೆ. ಅವನು ತಲೆಯಾಡಿಸಿ, ಕೈಯನ್ನು ಜೇಬಿಗೆ ಸೇರಿಸಿ, ಊಟಕ್ಕೆ ಒಳಗೆ ಹೋದ. ಅವಳು ದೀಪ ಹಾಕಿಕೊಂಡು ಬಾಗಿಲನ್ನು ಬೆಂಚಿನ ಮೇಲೆ ಮಲಗಿಸಿದಳು.